ಮಳೆಗಾಲದಲ್ಲಿ ಮನೆಯೊಳಗೇ ಉಳಿಯುವ ನಾಯಿಗೆ ಏನು ಕೆಲಸ ಕೊಡುತ್ತೀರಿ?

ಪ್ರಶ್ನೆ, ಮೂಡಿಗೆರೆ ಕಡೆಯಿಂದ:

ನಮ್ಮಲ್ಲಿ ಎರಡು ವರ್ಷದ ಲ್ಯಾಬ್ರಡಾರ್ ಇದೆ. ಬೇಸಿಗೆಯುದ್ದಕ್ಕೂ ತೋಟದಲ್ಲಿ ಕೆಲಸದವರ ಹಿಂದೆ ಸುತ್ತಾಡಿಕೊಂಡಿದ್ದ ನಾಯಿ, ಆರಿದ್ರಾ ಮಳೆ ಹಿಡಿದ ಮೇಲೆ ಜಗಲಿ ದಾಟುವಂತಿಲ್ಲ. ಹೊರಗೆ ಬಿಟ್ಟರೆ ಬೆರಳ ಸಂದಿಗೆಲ್ಲ ಇಂಬಳ ಹತ್ತುತ್ತದೆ; ಕತ್ತಲಾದ ಮೇಲೆ ಚಿರತೆಯ ಭಯ ಬೇರೆ. ಒಳಗಿದ್ದರೆ ಚಪ್ಪಲಿ ಕಡಿಯುವುದು, ಬಾಗಿಲು ಕೆರೆಯುವುದು, ಕಾರಣವಿಲ್ಲದೆ ಬೊಗಳುವುದು. ಆಟಿಕೆ ತಂದುಕೊಟ್ಟರೆ ಎರಡೇ ದಿನಕ್ಕೆ ಅದರತ್ತ ತಿರುಗಿಯೂ ನೋಡುವುದಿಲ್ಲ. ಸೆಪ್ಟೆಂಬರ್‌ವರೆಗೆ ಹೀಗೆ ಸಾಗಿಸುವುದು ಕಷ್ಟ. ಅನುಭವ ಉಳ್ಳವರು ದಯವಿಟ್ಟು ತಿಳಿಸಬೇಕು.

ಸಕಲೇಶಪುರದಿಂದ:

ನಿಮ್ಮ ನಾಯಿಗೆ ಓಟ ತಪ್ಪಿದ್ದಕ್ಕಿಂತ ಮೂಸುವ ಕೆಲಸ ತಪ್ಪಿದ್ದು ಹೆಚ್ಚು ಕಾಡುತ್ತಿರಬಹುದು ಎಂಬುದು ನನ್ನ ಅಭಿಪ್ರಾಯ. ತೋಟದಲ್ಲಿ ಹಂದಿ ಗುದ್ದಿದ ಮಣ್ಣು, ಕಾಡುಕೋಳಿ ಕೆದರಿದ ದರಗು, ಮುಳ್ಳುಹಂದಿ ಹಾದುಹೋದ ದಾರಿ, ಇವನ್ನೆಲ್ಲ ವಿಚಾರಿಸಿಕೊಳ್ಳುವುದರಲ್ಲೇ ಅದರ ದಿನ ಕಳೆಯುತ್ತಿತ್ತು. ವಾಸನೆ ಹಿಡಿಯುವ ಕೋಶಗಳು ಮನುಷ್ಯನ ಮೂಗಿನಲ್ಲಿ ಸುಮಾರು 50–60 ಲಕ್ಷವಿದ್ದರೆ, ನಾಯಿಯ ಮೂಗಿನಲ್ಲಿ ತಳಿಗೆ ತಕ್ಕಂತೆ 10 ಕೋಟಿಯಿಂದ 30 ಕೋಟಿಯವರೆಗೆ ಇರುತ್ತವೆ. ಅಂಥ ಮೂಗನ್ನು ಫಿನಾಯಿಲ್ ಹಾಕಿ ಒರೆಸಿದ ನಡುಮನೆಯಲ್ಲಿ ದಿನವಿಡೀ ಸುಮ್ಮನೆ ಕೂರಿಸಿದರೆ ಅದು ಚಪ್ಪಲಿಗೆ ಬಾಯಿ ಹಾಕದೆ ಇನ್ನೇನು ಮಾಡೀತು?

ಆದ್ದರಿಂದ ನಮ್ಮ ಮನೆಯಲ್ಲಿ ಮಳೆಗಾಲ ಬಂತೆಂದರೆ ಊಟವನ್ನು ತಟ್ಟೆಗೆ ಹಾಕುವುದನ್ನು ಬಹುಮಟ್ಟಿಗೆ ನಿಲ್ಲಿಸಿಬಿಡುತ್ತೇವೆ. ಕಾಫಿ ತುಂಬುವ ಹಳೆಯ ಗೋಣಿಚೀಲವೊಂದನ್ನು ಕೊಡವಿ ನೆಲಕ್ಕೆ ಹಾಸಿ, ರಾಗಿಮುದ್ದೆಯ ಸಣ್ಣ ಗುಳಿಗೆಗಳನ್ನೋ ಬೇಯಿಸಿದ ಕೋಳಿ ಲಿವರಿನ ಚೂರುಗಳನ್ನೋ ಅದರ ಮೇಲೆ ಅಲ್ಲಲ್ಲಿ ಚೆಲ್ಲಿ, ಚಾಪೆ ಸುತ್ತಿದಂತೆ ಸಡಿಲವಾಗಿ ಸುತ್ತಿ ಕೊಡಬೇಕು. ನಾಯಿ ಮೊದಲು ಕಾಲಿನಿಂದ ಕೆರೆಯುತ್ತದೆ; ಅದರಿಂದ ಏನೂ ಸಿಗದೆ ಹೋದಾಗ ಮೂತಿಯನ್ನು ಅಡಿಗೆ ತೂರಿಸಿ ಮುಂದಕ್ಕೆ ತಳ್ಳುತ್ತದೆ, ಸುರುಳಿ ಒಂದು ಸುತ್ತು ಬಿಚ್ಚಿಕೊಂಡು ಎರಡು ಚೂರು ಹೊರಬೀಳುತ್ತವೆ. ಆ ಕ್ಷಣದಿಂದ ಅದಕ್ಕೆ ಉಪಾಯ ಹೊಳೆದಂತೆ. ಅದು ಅಭ್ಯಾಸವಾದ ಮೇಲೆ ಬಿಗಿಯಾಗಿ ಸುತ್ತಬಹುದು, ಆಮೇಲೆ ಮಡಚಿ ಒಂದು ಗಂಟು ಹಾಕಬಹುದು. ಮೊದಲ ದಿನವೇ ಗಂಟು ಹಾಕಿ ಕೊಟ್ಟರೆ ನಾಯಿ ರೇಗಿ ಗೋಣಿಯನ್ನೇ ಹರಿಯುತ್ತದೆ, ಸೆಣಬಿನ ಎಳೆ ನುಂಗುವುದೂ ಉಂಟು. ಈ ಆಟದ ಹೊತ್ತಿನಲ್ಲಿ ನೀವು ಅಲ್ಲಿಯೇ ಇರಬೇಕು.

ಇನ್ನೊಂದು, ಬಳಸದೆ ಅಟ್ಟ ಸೇರಿದ ಬೀಡಿನ ಪಡ್ಡು ಕಾವಲಿ. ಉಪ್ಪಿಲ್ಲದ ತೆಳು ರಾಗಿ ಅಂಬಲಿಯನ್ನೋ ಮೊಸರನ್ನೋ ಗುಳಿಗಳಿಗೆ ತುಂಬಿ ಇಟ್ಟರೆ, ಭಾರವಾದ ಕಾವಲಿ ಜರುಗುವುದಿಲ್ಲ, ನಾಲಗೆ ಪ್ರತಿ ಗುಳಿಯ ತಳವನ್ನೂ ಸುತ್ತಿ ಬರಬೇಕಾಗುತ್ತದೆ. ನೆಕ್ಕುವುದು ನಾಯಿಯನ್ನು ತಾನಾಗಿಯೇ ಶಾಂತಗೊಳಿಸುವ ಕೆಲಸ, ಹೀಗಾಗಿ ಇದನ್ನು ಸಂಜೆಯ ಹೊತ್ತಿಗೆ, ಗುಡುಗು ಶುರುವಾಗುವ ಮುನ್ನ ಕೊಡುವುದು ಒಳ್ಳೆಯದು. ಆಟದಲ್ಲಿ ತಿಂದದ್ದನ್ನು ಊಟದ ಲೆಕ್ಕದಿಂದ ಕಳೆಯಲು ಮರೆಯಬೇಡಿ. ಲ್ಯಾಬ್ರಡಾರ್ ಮಳೆಗಾಲ ಮುಗಿಯುವಷ್ಟರಲ್ಲಿ ಪೀಪಾಯಿಯಾಗಿಬಿಡುತ್ತದೆ.

ಬಾಳೆಹೊನ್ನೂರಿನಿಂದ:

ನಾಯಿ ಹೊರಗೆ ಹೋಗಲಾಗದಿದ್ದರೆ ಹೊರಗಿನ ವಾಸನೆಯನ್ನು ಒಳಗೆ ತರಬಹುದು. ತೋಟದಿಂದ ಬರುವಾಗ ಒಂದು ಅಡಿಕೆ ಹಾಳೆ, ಸಿಲ್ವರ್ ಓಕ್ ಮರದ ತೊಗಟೆ, ಕೊಟ್ಟಿಗೆಯಲ್ಲಿ ದನ ಮೈ ಉಜ್ಜಿದ ಹಳೆಯ ಹಗ್ಗ, ಹೀಗೆ ದಿನಕ್ಕೊಂದನ್ನು ತಂದು, ಇಂಬಳ ಉಣ್ಣೆಗಳಿಲ್ಲವೆಂದು ನೋಡಿಕೊಂಡು ಜಗಲಿಯಲ್ಲಿ ಇಡಿ. ಇಲಿ ಓಡಾಡುವ ಉಗ್ರಾಣದ ವಸ್ತು ಮಾತ್ರ ಬೇಡ, ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ.

ಆಟಿಕೆಯ ಬಗ್ಗೆ ಹೇಳುವುದಾದರೆ, ಎಲ್ಲವನ್ನೂ ಒಟ್ಟಿಗೆ ನೆಲದ ಮೇಲೆ ಬಿಟ್ಟರೆ ಯಾವುದಕ್ಕೂ ಬೆಲೆ ಇರುವುದಿಲ್ಲ. ಒಂದೆರಡನ್ನು ಹೊರಗಿಟ್ಟು ಉಳಿದವನ್ನು ಎತ್ತಿಡಿ, ವಾರಕ್ಕೊಮ್ಮೆ ಬದಲಿಸಿ. ಪ್ರತಿಯೊಂದಕ್ಕೂ ಹೆಸರಿಟ್ಟು, ಹೆಸರು ಹೇಳಿದಾಗ ಅದನ್ನೇ ತರುವಂತೆ ಕಲಿಸುವುದು ಇನ್ನೂ ಒಳ್ಳೆಯ ಕಸರತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಪಿಲ್ಲಿ ಅವರು ಚೇಸರ್ ಎಂಬ ಬಾರ್ಡರ್ ಕೋಲಿ ನಾಯಿಗೆ ಮೂರು ವರ್ಷಗಳಲ್ಲಿ 1,022 ವಸ್ತುಗಳ ಹೆಸರು ಕಲಿಸಿದ ಸಂಗತಿ 2011ರಲ್ಲಿ ಪ್ರಕಟವಾಯಿತು. ನಮ್ಮ ನಾಡನಾಯಿ ಕರಿಯನಿಗೆ ಚೆಂಡು, ಹಗ್ಗ, ಕರಟ ಎಂಬ ಮೂರೇ ಗೊತ್ತಿದ್ದರೂ ಅಷ್ಟರಲ್ಲೇ ಅವನಿಗೆ ಸಾಕಷ್ಟು ಕೆಲಸ ಸಿಗುತ್ತದೆ. ಪಾಠವನ್ನು ಐದು ನಿಮಿಷಕ್ಕಿಂತ ಎಳೆಯದೆ, ನಾಯಿಗೆ ಇನ್ನೂ ಉತ್ಸಾಹವಿರುವಾಗಲೇ ನಿಲ್ಲಿಸಬೇಕು.

ಹಾಸನದಿಂದ:

ನಮ್ಮದು ಪೇಟೆಯ ಮನೆ, ನಾಯಿಗೆ ವಯಸ್ಸಾಗಿದೆ, ಮಾಗಿಯ ಚಳಿಯಲ್ಲಿ ಕೀಲು ಹಿಡಿದುಕೊಂಡು ಏಳುವುದೇ ಇಲ್ಲ. ಅಂಥ ನಾಯಿಗೂ ಈ ಮೂಗಿನ ಆಟಗಳು ಹಿಡಿಸುತ್ತವೆ ಎಂಬುದನ್ನು ಒಪ್ಪುತ್ತೇನೆ. ಆದರೆ ಸಕಲೇಶಪುರದವರ ಮಾತಿಗೆ ಒಂದು ತಿದ್ದುಪಡಿ ಬೇಕು. ಎರಡು ವರ್ಷದ ಲ್ಯಾಬ್ರಡಾರಿಗೆ ಮೂಸುವುದಷ್ಟೇ ಸಾಲದು. ಮಳೆ ಹೊಳವಾದಾಗ ಹಗ್ಗ ಕಟ್ಟಿ ಹತ್ತು ನಿಮಿಷವಾದರೂ ಡಾಂಬರು ರಸ್ತೆಯಲ್ಲಿ ಅದಕ್ಕೆ ಬೇಕಾದಲ್ಲಿ ನಿಂತು ಮೂಸಲು ಬಿಟ್ಟು ಕರೆದುಕೊಂಡು ಬನ್ನಿ, ಬಂದ ಮೇಲೆ ಬೆರಳ ಸಂದಿ ನೋಡಿ ಚೆನ್ನಾಗಿ ಒರೆಸಿ. ಒಳಗೆ ಹಗ್ಗ ಜಗ್ಗಾಡುವ ಆಟವೂ ಆಗಬಹುದು, ‘ಬಿಡು’ ಎಂದಾಗ ಬಿಡುವುದನ್ನು ಮೊದಲು ಕಲಿಸಿರಬೇಕು. ರೆಡ್ ಆಕ್ಸೈಡ್ ನೆಲವೋ ಟೈಲ್ಸೋ ಇದ್ದರೆ ಚೆಂಡು ಎಸೆದು ಓಡಿಸಬೇಡಿ, ಜಾರಿ ಕಾಲು ಉಳುಕುತ್ತದೆ. ಲೇಸರ್ ಬೆಳಕನ್ನು ಬೆನ್ನಟ್ಟಿಸುವುದಂತೂ ಬೇಡವೇ ಬೇಡ. ಹಿಡಿಯಲು ಎಂದೂ ಸಿಗದ ಆ ಚುಕ್ಕಿಯ ಗೀಳು ಹತ್ತಿದರೆ ಕೆಲವು ನಾಯಿಗಳು ಗೋಡೆಯ ಮೇಲಿನ ಪ್ರತಿ ನೆರಳನ್ನೂ ಅಟ್ಟತೊಡಗುತ್ತವೆ.

ತಿನಿಸು ಅಡಗಿಸುವಾಗ ಮಕ್ಕಳ ಮೇಲೂ ಒಂದು ಕಣ್ಣಿಡಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ಕ್ಸೈಲಿಟಾಲ್ ಹಾಕಿದ ಸಕ್ಕರೆರಹಿತ ಚೂಯಿಂಗ್ ಗಮ್ ನಾಯಿಗೆ ವಿಷ. ಕಾಫಿ ಬೀಜ, ಪುಡಿ, ಚರಟಗಳಲ್ಲಿ ಕೆಫೀನ್ ಇರುವುದರಿಂದ ಅವೂ ಅಪಾಯಕಾರಿ, ಹಾಗಾಗಿ ಗೋಣಿಯಲ್ಲಿ ಬೀಜ ಉಳಿದಿಲ್ಲವೆಂದು ನೋಡಿಕೊಂಡೇ ಬಳಸಬೇಕು. ಬೇಯಿಸಿದ ಮೂಳೆ ಸೀಳುತ್ತದೆ, ಅದನ್ನೂ ಕೊಡಬಾರದು.

ಆಲೂರಿನಿಂದ:

ಎರಡು ನಾಯಿಗಳಿರುವವರು ಈ ತಿನಿಸಿನ ಆಟಗಳನ್ನು ಬೇರೆ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿ ಆಡಿಸಬೇಕು. ಉಳಿದ ದಿನವೆಲ್ಲ ಒಟ್ಟಿಗೆ ಮಲಗುವ ನಾಯಿಗಳೂ ಗೋಣಿಚೀಲದ ಮುಂದೆ ಹಲ್ಲು ತೋರಿಸುತ್ತವೆ. ಆಟ ಮುಗಿದ ಮೇಲೆ ಚೀಲವನ್ನು ಎತ್ತಿಟ್ಟು ಆಮೇಲೆ ಬಾಗಿಲು ತೆಗೆಯಿರಿ.