ಅಪ್ಪನ ಅಂಗಡೀಲೇ ಕೆಲಸ, ಹೋಮ್ ಲೋನ್‌ಗೆ ಸಂಬಳ ಹೇಗೆ ತೋರಿಸೋದು?

ಪಾತ್ರೆ_ಅಂಗಡಿ · 14 ಜೂನ್ 2025

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ತುಮಕೂರು ಮಂಡಿಪೇಟೇಲಿ ನಮ್ಮದು ಪಾತ್ರೆ ಅಂಗಡಿ. ತಾತ ಶುರು ಮಾಡಿದ್ದು, ಈಗ ಅಪ್ಪ ಮತ್ತು ಚಿಕ್ಕಪ್ಪನ ಪಾರ್ಟ್‌ನರ್‌ಶಿಪ್. ಡಿಗ್ರಿ ಮುಗಿಸಿದ ಮಾರನೇ ವಾರದಿಂದ ನಾನು ಅಲ್ಲೇ, ಹನ್ನೊಂದು ವರ್ಷ ಆಯ್ತು. ಮದುವೆ ಸೀಸನ್‌ನಲ್ಲಿ ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತಿದ್ರೆ ಇಳಿಸೋದು ರಾತ್ರಿ ಹತ್ತಕ್ಕೆ. ಹಿತ್ತಾಳೆ ದೀಪ ತೂಗೋದರಿಂದ ಹಿಡಿದು ಜಿಎಸ್‌ಟಿ ಬಿಲ್ ಹಾಕೋವರೆಗೂ ನಾನೇ. ಹೋದ ವರ್ಷ ಬಸ್ ಸ್ಟ್ಯಾಂಡ್ ಹತ್ರ ಎರಡನೇ ಅಂಗಡಿ ಆಯ್ತು, ಅದನ್ನ ಪೂರ್ತಿ ನಾನೇ ನೋಡ್ಕೋತೀನಿ.

ಇಷ್ಟೆಲ್ಲಾ ಮಾಡಿದ್ರೂ ಸಂಬಳ ಅಂತ ಯಾವತ್ತೂ ತಗೊಂಡವನಲ್ಲ. ದುಡ್ಡು ಬೇಕಾದಾಗ ಗಲ್ಲದಿಂದ ತಗೊಂಡು ಒಂದು ಚೀಟಿ ಬರೆದಿಡೋದು. ಮನೆ ರೇಷನ್ನು, ಮಗಳ ಸ್ಕೂಲ್ ಫೀಸು, ಗಾಡಿ ಪೆಟ್ರೋಲು, ಎಲ್ಲಕ್ಕೂ ಅದೇ ಗಲ್ಲ. ವರ್ಷದ ಕೊನೇಲಿ ಆಡಿಟರ್ ನನ್ನ ಹೆಸರಿಗೆ ಒಂದು ಮೊತ್ತ ಬರೆದು ಆದಾಯ ತೆರಿಗೆ ರಿಟರ್ನ್ ಹಾಕ್ತಿದ್ರು. 2022-23ಕ್ಕೆ 2.6 ಲಕ್ಷ, 2023-24ಕ್ಕೆ 2.8 ಲಕ್ಷ. ಆ ನಂಬರ್ ಎಲ್ಲಿಂದ ಬಂತು ಅಂತ ನಾನೂ ಕೇಳಲಿಲ್ಲ, ಅಪ್ಪನೂ ಕೇಳಲಿಲ್ಲ.

ಮನೆ ತಗೋಬೇಕು ಅಂತ ಮನಸ್ಸು ಮಾಡಿದ ಮೇಲೆ, ಹೋದ ಅಕ್ಟೋಬರ್‌ನಲ್ಲಿ ಅಪ್ಪನ ಹತ್ರ ತಿಂಗಳ ಸಂಬಳ ಕೇಳಿದೆ. "ಮಗನಿಗೆ ಸಂಬಳ ಕೊಡೋಕೆ ನಿನ್ನನ್ನೇನು ಕೆಲಸಕ್ಕೆ ಇಟ್ಕೊಂಡಿದ್ದೀನಾ?" ಅಂದ್ರು. ಮೂರು ದಿನ ಮಾತು ಬಿಟ್ರು. ಚಿಕ್ಕಪ್ಪ ನಡುವೆ ಬಂದು ಹೇಳಿದ್ಮೇಲೆ ಒಪ್ಪಿ, ತಿಂಗಳಿಗೆ 40,000 ನನ್ನ ಅಕೌಂಟಿಗೆ ಹಾಕ್ತಿದ್ದಾರೆ. ಈಗ ಎಂಟು ತಿಂಗಳಾಯ್ತು.

ನೋಡಿರೋ ಮನೆ ಎಸ್‌ಐಟಿ ಕಾಲೇಜಿನ ಹಿಂದೆ, 46 ಲಕ್ಷ. 34 ಲಕ್ಷ ಲೋನ್ ಬೇಕು. ಹೋದ ವಾರ ಒಂದು ಬ್ಯಾಂಕಿಗೆ ಹೋಗಿದ್ದೆ. ಅಂಗಡಿ ಲೆಟರ್‌ಹೆಡ್‌ನಲ್ಲಿರೋ ಸ್ಯಾಲರಿ ಸರ್ಟಿಫಿಕೇಟನ್ನ ಆ ಆಫೀಸರ್ ಓದಿ, ಕೆಳಗಿನ ಸಹಿ ನೋಡಿ, ನನ್ನ ಆಧಾರ್‌ನಲ್ಲಿರೋ ತಂದೆ ಹೆಸರು ನೋಡಿ, ಸುಮ್ಮನೆ ನಕ್ಕರು. "ಇದನ್ನ ನಿಮ್ಮ ಮನೇಲೇ ಬರೆದಿದ್ದು ತಾನೇ?" ಅಂದ್ರು. ಕೊನೆಗೆ ರಿಟರ್ನ್ ಲೆಕ್ಕದಲ್ಲಿ 13 ಲಕ್ಷದ ಮೇಲೆ ಆಗಲ್ಲ ಅಂತ ಹೇಳಿ ಕಳಿಸಿದ್ರು.

ಸುಳ್ಳು ಏನೂ ತೋರಿಸ್ತಿಲ್ಲ ಸ್ವಾಮಿ, ನಿಜವಾಗ್ಲೂ ದುಡೀತಿದ್ದೀನಿ. ಅದನ್ನ ಹೆಂಗೆ ಪ್ರೂವ್ ಮಾಡೋದು? ಹೆಂಡ್ತಿ ಪ್ರೈವೇಟ್ ಸ್ಕೂಲ್ ಟೀಚರ್, 18,000 ಅಕೌಂಟಿಗೇ ಬರುತ್ತೆ.

---

ಜಾಲಿ_ಗುರು · 14 ಜೂನ್

ಇದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀರ ಗುರು. ಸ್ಯಾಲರಿ ಸ್ಲಿಪ್, ಫಾರ್ಮ್ 16 (ಸಂಬಳದಲ್ಲಿ ತೆರಿಗೆ ಹಿಡಿದಿದ್ದಕ್ಕೆ ಕೊಡೋ ಪತ್ರ) ಎಲ್ಲಾ ಮಾಡ್ಕೊಡೋ ಏಜೆಂಟ್‌ಗಳಿದ್ದಾರೆ. ನಿಮ್ದೇ ಅಂಗಡಿ, ನಿಮ್ದೇ ಸೀಲು. 65,000 ಅಂತ ಹಾಕ್ಸಿ.

---

ನಿವೃತ್ತ_ಬ್ಯಾಂಕಿಗ · 14 ಜೂನ್

ಮೇಲಿನ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಫಾರ್ಮ್ 16ರ ಮೊದಲ ಭಾಗ ಆದಾಯ ತೆರಿಗೆಯ ಟ್ರೇಸಸ್ ಜಾಲತಾಣದಿಂದಲೇ ಇಳಿಯಬೇಕು, ಅದರಲ್ಲಿ ತೆರಿಗೆ ಹಿಡಿಯುವ ಸಂಸ್ಥೆಗೆ ಇಲಾಖೆ ಕೊಟ್ಟ ಟ್ಯಾನ್ ಸಂಖ್ಯೆ ಇರುತ್ತದೆ. ಬ್ಯಾಂಕಿನವರು ನಿಮ್ಮ 26ಎಎಸ್ (ನಿಮ್ಮ ಹೆಸರಲ್ಲಿ ಕಟ್ಟಿದ ತೆರಿಗೆಯ ಇಲಾಖೆ ಪಟ್ಟಿ) ಪಕ್ಕಕ್ಕಿಟ್ಟು ತಾಳೆ ನೋಡಿದರೆ ಐದು ನಿಮಿಷದಲ್ಲಿ ಬಣ್ಣ ಬಯಲು. ಆಮೇಲೆ ಸಾಲ ಸಿಗದಿರುವುದು ಸಣ್ಣ ವಿಷಯ, ವಂಚನೆ ಕೇಸು ದೊಡ್ಡದು.

ತಮ್ಮಾ ಪಾತ್ರೆ ಅಂಗಡಿ, ನಾನು ಸಾಲದ ವಿಭಾಗದಲ್ಲೇ ಬಹಳ ವರ್ಷ ಕೂತವನು. ಆ ಅಧಿಕಾರಿ ನಕ್ಕಿದ್ದಕ್ಕೆ ಬೇಸರಪಡಬೇಡಿ, ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ, ಬಹುಶಃ ನಗದೆ. ಕಂಪನಿ ನೌಕರ ಪತ್ರ ತಂದರೆ ಬರೆದವನಿಗೂ ಸಾಲ ಪಡೆಯುವವನಿಗೂ ನಂಟಿಲ್ಲ. ನಿಮ್ಮ ವಿಷಯದಲ್ಲಿ ಸಂಬಳ ಕೊಡುವವರು, ಪತ್ರ ಬರೆಯುವವರು, ನಾಳೆ ಪತ್ರ ಬದಲಾಯಿಸಬಲ್ಲವರು ಎಲ್ಲರೂ ಅಪ್ಪನೇ. ಹಾಗಾಗಿ ನಿಮ್ಮಪ್ಪನ ಕೈ ಮುಟ್ಟದ ಕಾಗದ ಎಷ್ಟಿದೆ ಎಂದು ಬ್ಯಾಂಕು ನೋಡುತ್ತದೆ. ಇಲಾಖೆಗೆ ಸಲ್ಲಿಸಿದ ರಿಟರ್ನು, ನಿಮ್ಮ ಖಾತೆಯ ಸ್ಟೇಟ್‌ಮೆಂಟು, ಸರಕಾರಕ್ಕೆ ಕಟ್ಟಿದ ಚಲನ್ನು, ಅಂಗಡಿಯ ಆಡಿಟ್ ಆದ ಲೆಕ್ಕ, ಇಂಥವು.

13 ಲಕ್ಷ ಹೇಗೆ ಬಂತು ಎಂದು ಹೇಳುತ್ತೇನೆ. 2.8 ಲಕ್ಷವನ್ನು 12ರಿಂದ ಭಾಗಿಸಿದರೆ 23,333. ಅದರಲ್ಲಿ ಅರ್ಧ ಕಂತಿಗೆ ಹೋಗಬಹುದು ಎಂದು ಹಿಡಿದರೆ 11,667. 8.5 ಶೇಕಡಾ ಬಡ್ಡಿ, 20 ವರ್ಷ ಎಂದರೆ ಒಂದು ಲಕ್ಷಕ್ಕೆ ಇಎಂಐ ಸುಮಾರು 868 ರೂಪಾಯಿ. ಭಾಗಿಸಿ ನೋಡಿ, 13.4 ಲಕ್ಷ. ಅವರು ನಿಮ್ಮ ಪತ್ನಿಯ ಸಂಬಳವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅವರನ್ನು ಸಹ-ಅರ್ಜಿದಾರರಾಗಿ ಸೇರಿಸಿದರೆ ಇದೇ ಲೆಕ್ಕದಲ್ಲಿ 24 ಲಕ್ಷದ ಹತ್ತಿರ ಹೋಗುತ್ತದೆ. ನಿಮ್ಮ 40,000 ಒಪ್ಪಿಗೆಯಾದರೆ ಇಬ್ಬರದೂ ಸೇರಿ 58,000, ಅರ್ಧ 29,000, ಅಂದರೆ 33 ಲಕ್ಷ ದಾಟುತ್ತದೆ. 46 ಲಕ್ಷದ ಮನೆಗೆ ರಿಸರ್ವ್ ಬ್ಯಾಂಕ್ ನಿಯಮದಂತೆ 80 ಶೇಕಡಾವರೆಗೆ ಸಾಲ ಕೊಡಬಹುದು, ಆ ಕಡೆಯಿಂದ ನಿಮಗೆ ತೊಂದರೆಯಿಲ್ಲ. ಆದರೆ ಸ್ಟಾಂಪ್ ಡ್ಯೂಟಿ, ನೋಂದಣಿ ಖರ್ಚನ್ನು ಮನೆ ಬೆಲೆಗೆ ಸೇರಿಸುವುದಿಲ್ಲ, ಅದು ನಿಮ್ಮ ಜೇಬಿನಿಂದ.

ಒಂದು ಪ್ರಶ್ನೆ. ಆ 40,000 ಖಾತೆಗೆ ಬಂದ ಮೇಲೆ ಏನಾಗುತ್ತಿದೆ?

---

ಪಾತ್ರೆ_ಅಂಗಡಿ · 15 ಜೂನ್

ಸರ್, ನಿಜ ಹೇಳ್ತೀನಿ. ಬಂದ ಮಾರನೇ ದಿನ 25,000 ಎಟಿಎಂನಿಂದ ತೆಗೆದು ಅಮ್ಮನ ಕೈಗೆ ಕೊಡ್ತೀನಿ, ಮನೆ ಖರ್ಚಿಗೆ. ಎರಡು ತಿಂಗಳು ಹೋಲ್‌ಸೇಲ್‌ನವರಿಗೆ ದುಡ್ಡು ಸಾಲದೆ 40,000 ಪೂರ್ತಿ ಅಂಗಡಿ ಅಕೌಂಟಿಗೇ ವಾಪಸ್ ಹಾಕಿದ್ದೆ.

---

ನಿವೃತ್ತ_ಬ್ಯಾಂಕಿಗ · 15 ಜೂನ್

ಅಲ್ಲಿ ಎಡವಿದ್ದೀರಿ. ಅಪ್ಪನ ಖಾತೆಯಿಂದ ಬಂದು ಅಪ್ಪನ ಖಾತೆಗೇ ಮರಳಿದ ಹಣ ಸಾಲದ ಅಧಿಕಾರಿಯ ಕಣ್ಣಿಗೆ ಸಂಬಳವಲ್ಲ, ಕೈ ಬದಲಾವಣೆ. ಇನ್ನು ಮುಂದೆ ಅಂಗಡಿಗೆ ಒಂದು ರೂಪಾಯಿಯೂ ವಾಪಸ್ ಹೋಗಬಾರದು. ಮನೆ ಖರ್ಚನ್ನು ಆ ಖಾತೆಯಿಂದಲೇ ಮಾಡಿ. ರೇಷನ್, ಫೀಸು, ಗ್ಯಾಸು, ಎಲ್‌ಐಸಿ ಪ್ರೀಮಿಯಂ ಎಲ್ಲವೂ ಅಲ್ಲಿಂದ ಹೋಗಲಿ. ಮನುಷ್ಯ ಆ ದುಡ್ಡಿನಿಂದ ಬದುಕುತ್ತಿದ್ದಾನೆ ಎಂದು ಸ್ಟೇಟ್‌ಮೆಂಟು ತಾನೇ ಹೇಳಬೇಕು.

---

ತೆರಿಗೆ_ತಿಮ್ಮ · 15 ಜೂನ್

ನಾನು ಟ್ಯಾಕ್ಸ್ ಪ್ರಾಕ್ಟೀಸ್‌ನಲ್ಲಿದೀನಿ. ಮೇಲಿನ ಸರ್ ಬ್ಯಾಂಕ್ ಕಡೆಯದು ಹೇಳಿದ್ರು, ನಾನು ಲೆಕ್ಕದ ಪುಸ್ತಕದ ಕಡೆಯದು ಹೇಳ್ತೀನಿ.

40,000 ಸಂಬಳ ಅಂತೀರ, ವೃತ್ತಿ ತೆರಿಗೆ ಎಲ್ಲಿ? ಕರ್ನಾಟಕದಲ್ಲಿ 25,000 ಅಥವಾ ಅದಕ್ಕಿಂತ ಜಾಸ್ತಿ ಸಂಬಳ ಇದ್ರೆ ತಿಂಗಳಿಗೆ 200 ಹಿಡಿದು ಅಂಗಡಿಯವರು ಕಟ್ಟಬೇಕು. ಈ ಏಪ್ರಿಲ್‌ನಿಂದ ಫೆಬ್ರವರಿ ತಿಂಗಳಿಗೆ ಮಾತ್ರ 300. ಎಂಟು ತಿಂಗಳಿಂದ ಕಟ್ಟಿರಲ್ಲ ಅಂತ ಊಹೆ. ಬಡ್ಡಿ ಸೇರಿಸಿ ಈಗಲೇ ಕಟ್ಟಿಸಿ. ಮೊತ್ತ ಚಿಕ್ಕದು, ಆದ್ರೆ ಸರ್ ಹೇಳಿದ "ಅಪ್ಪನ ಕೈ ಮುಟ್ಟದ ಕಾಗದ" ಅಂದ್ರೆ ಆ ಚಲನ್ನೇ.

ಫಾರ್ಮ್ 16 ಬಗ್ಗೆ ಬಹಳ ಜನಕ್ಕೆ ಗೊಂದಲ. 2024-25ಕ್ಕೆ ಹೊಸ ತೆರಿಗೆ ಪದ್ಧತೀಲಿ 7.75 ಲಕ್ಷ ಸಂಬಳದವರೆಗೂ ತೆರಿಗೆ ಬರಲ್ಲ. ತೆರಿಗೆ ಇಲ್ಲ ಅಂದ್ಮೇಲೆ ಟಿಡಿಎಸ್ (ದುಡ್ಡು ಕೊಡೋವಾಗಲೇ ಹಿಡಿಯೋ ತೆರಿಗೆ) ಇಲ್ಲ, ಟಿಡಿಎಸ್ ಹಿಡಿಯದಿದ್ರೆ ಫಾರ್ಮ್ 16 ಕೊಡಲೇಬೇಕು ಅಂತಿಲ್ಲ. ಹಾಗಾಗಿ ನಿಮ್ಮ ಹತ್ರ ಅದು ಇಲ್ಲದಿರೋದು ತಪ್ಪಲ್ಲ. ಬದಲಿಗೆ ಅಂಗಡಿಯ ಲಾಭ-ನಷ್ಟ ಪಟ್ಟಿ, ಸಂಬಳದ ಲೆಡ್ಜರ್ ಇವನ್ನ ನಿಮ್ಮ ಆಡಿಟರ್ ಸಹಿ ಮಾಡಿ ಕೊಡಲಿ. ನಿಮ್ಮ ರಿಟರ್ನಲ್ಲಿರೋ ಸಂಬಳ ಅಂಗಡಿ ಪುಸ್ತಕದಲ್ಲಿ ಖರ್ಚಾಗಿ ಅಷ್ಟೇ ಕಾಣಬೇಕು, ಪೈಸೆ ಆಚೀಚೆ ಆಗಬಾರದು.

ಇದೇ ಕಾರಣಕ್ಕೆ ಹಳೇ ವರ್ಷದ ರಿಟರ್ನ್ ತಿದ್ದಿ ಆದಾಯ ಏರಿಸೋ ಯೋಚನೆ ಬೇಡ. ಅಪ್ಡೇಟೆಡ್ ರಿಟರ್ನ್ ಹಾಕೋಕೆ ಈಗ 48 ತಿಂಗಳವರೆಗೆ ಅವಕಾಶ ಇದೆ, ನಿಜ. ಆದ್ರೆ ಅಂಗಡಿ ಆ ವರ್ಷ ನಿಮಗೆ 2.8 ಅಂತ ಬರೆದಿದೆ. ನೀವು ಈಗ 5 ಅಂದ್ರೆ ಮಿಕ್ಕ 2.2 ಎಲ್ಲಿಂದ ಬಂತು? 2024-25ರ ರಿಟರ್ನ್ ಮಾತ್ರ ನಿಧಾನ ಮಾಡದೆ ಹಾಕಿ. ಗಡುವು ಸೆಪ್ಟೆಂಬರ್ 15ರವರೆಗೆ ಮುಂದಕ್ಕೆ ಹೋಗಿದೆ ಅಂತ ಕೂರಬೇಡಿ. ಹಾಕಿದ್ಮೇಲೆ 30 ದಿನದೊಳಗೆ ವೆರಿಫೈ ಮಾಡಿ.

ಸಂಬಳ ಒಂದೇ ಸಲ 23ರಿಂದ 40ಕ್ಕೆ ಯಾಕೆ ಜಿಗೀತು ಅಂತ ಕೇಳೇ ಕೇಳ್ತಾರೆ. ಉತ್ತರ ನಿಮ್ಮಲ್ಲೇ ಇದೆ: ಎರಡನೇ ಅಂಗಡಿ ಜವಾಬ್ದಾರಿ. ಅದನ್ನ ನೇಮಕಾತಿ ಪತ್ರದಲ್ಲಿ ಬರೆಸಿ. ಹಿಂದಿನ ತಾರೀಕು ಮಾತ್ರ ಹಾಕಿಸಬೇಡಿ, ಇವತ್ತಿನ ತಾರೀಕಿಗೇ "ಇಂಥಾ ತಿಂಗಳಿಂದ ಈ ಸಂಬಳ ನಡೀತಿದೆ" ಅಂತ ಬರೆದ್ರೆ ಸಾಕು. ಪಾರ್ಟ್‌ನರ್‌ಗಳ ಸಂಬಂಧಿಕರಿಗೆ ಕೆಲಸಕ್ಕೆ ಮೀರಿದ ಸಂಬಳ ಕೊಟ್ರೆ ಆ ಜಾಸ್ತಿ ಭಾಗವನ್ನ ಖರ್ಚು ಅಂತ ಒಪ್ಪದಿರೋ ಅಧಿಕಾರ ಆದಾಯ ತೆರಿಗೆಯವರಿಗಿದೆ, 40ಎ(2) ಕಲಂ ಅಂತ. ಒಂದು ಅಂಗಡಿ ಪೂರ್ತಿ ನಡೆಸೋನಿಗೆ 40,000 ಅಂದ್ರೆ ಯಾರೂ ಜಾಸ್ತಿ ಅನ್ನಲ್ಲ.

---

ಶಿರಸಿ_ಮಾಣಿ · 16 ಜೂನ್

ನಂದೂ ಇದೇ ಕತೆ, ನಮ್ಮದು ಅಡಿಕೆ ವ್ಯಾಪಾರ. ನಾನು ಅವಸರ ಮಾಡಿ ಪಾರ್ಟ್‌ನರ್ ಆಗಿಬಿಟ್ಟೆ, ಹಾಗಾದ್ರೆ ಆದಾಯ ಜಾಸ್ತಿ ತೋರಿಸ್ಬಹುದು ಅಂತ. ಆ ದಿನದಿಂದ ನಾನು ಬ್ಯಾಂಕಿನ ಲೆಕ್ಕದಲ್ಲಿ ನೌಕರನೇ ಅಲ್ಲ, ಸ್ವಂತ ವ್ಯಾಪಾರದವ. ಪಾರ್ಟ್‌ನರ್‌ಶಿಪ್ ಡೀಡ್ ತನ್ನಿ, ಸಂಸ್ಥೆ ರಿಟರ್ನ್ ತನ್ನಿ, ಪಾರ್ಟ್‌ನರ್ ಆಗಿ ಎರಡು-ಮೂರು ವರ್ಷ ಆಗಲಿ ಅಂದ್ರು. ಎಲ್ಲಾ ಮೊದಲಿಂದ ಶುರು. ಸಾಲದ್ದಕ್ಕೆ ವ್ಯಾಪಾರದ ಓವರ್‌ಡ್ರಾಫ್ಟಿಗೂ ಈಗ ನಾನೇ ಹೊಣೆ.

---

ತೆರಿಗೆ_ತಿಮ್ಮ · 16 ಜೂನ್

ಸರಿಯಾಗಿ ಹೇಳಿದ್ರಿ. ಈ ಏಪ್ರಿಲ್‌ನಿಂದ ಪಾರ್ಟ್‌ನರ್‌ಗೆ ಕೊಡೋ ಸಂಬಳ, ಬಡ್ಡಿ ವರ್ಷಕ್ಕೆ 20,000 ಮೀರಿದ್ರೆ 10 ಶೇಕಡಾ ಟಿಡಿಎಸ್ ಬೇರೆ ಇದೆ. ಮುಂದೆ ಅದೂ ಒಂದು ಪುರಾವೆ ಆಗುತ್ತೆ, ಆದ್ರೆ ಪಾತ್ರೆ ಅಂಗಡಿಯವರಿಗೆ ಈ ವರ್ಷ ಉಪಯೋಗ ಇಲ್ಲ.

ಮಾರ್ಜಿನ್ ಹಣ (ಲೋನ್ ಬಿಟ್ಟು ಕೈಯಿಂದ ಹಾಕಬೇಕಾದ ದುಡ್ಡು) ಅಪ್ಪ ಕೊಡೋದಾದ್ರೆ ಅಕೌಂಟಿಂದ ಅಕೌಂಟಿಗೆ ಹಾಕಿಸಿ, ಒಂದು ಗಿಫ್ಟ್ ಪತ್ರ ಬರೆಸಿ. ಅಪ್ಪ ಮಗನಿಗೆ ಕೊಟ್ಟಿದ್ದಕ್ಕೆ ತೆರಿಗೆ ಇಲ್ಲ. ಕ್ಯಾಶ್ ಬೇಡವೇ ಬೇಡ. ಸಂಬಳದ ಅಕೌಂಟಿಗೂ ಬೇಡ, ಬೇರೆ ಅಕೌಂಟಿಗೆ.

---

ಪಾತ್ರೆ_ಅಂಗಡಿ · 9 ನವೆಂಬರ್ 2025

ಏನಾಯ್ತು ಅಂತ ಹೇಳದೆ ಹೋದ್ರೆ ತಪ್ಪಾಗುತ್ತೆ ಅಂತ ಬರೀತಿದ್ದೀನಿ.

ಎಸ್‌ಐಟಿ ಹಿಂದಿನ ಮನೆ ಕೈ ತಪ್ಪಿತು. ಓನರ್ ಕಾಯಲಿಲ್ಲ, ಆಗಸ್ಟ್‌ನಲ್ಲೇ ಬೇರೆಯವರಿಗೆ ಅಗ್ರಿಮೆಂಟ್ ಮಾಡ್ಕೊಟ್ರು. ಹೆಂಡ್ತಿ ಒಂದು ವಾರ ಆ ರಸ್ತೇಲಿ ಹೋಗೋದೇ ಬಿಟ್ಟಿದ್ಳು.

ವೃತ್ತಿ ತೆರಿಗೆ ನೋಂದಣಿ ಮಾಡಿಸಿ ಹಿಂದಿನದೆಲ್ಲಾ ಕಟ್ಟಿದ್ವಿ. ಜುಲೈನಲ್ಲಿ ರಿಟರ್ನ್ ಹಾಕಿದೆ, 3.8 ಲಕ್ಷ: ಮೊದಲ ಆರು ತಿಂಗಳು ಹಳೇ ಲೆಕ್ಕ, ಮಿಕ್ಕ ಆರು ತಿಂಗಳು 40,000. ಅಂಗಡಿಗೆ ವಾಪಸ್ ಹಾಕೋದು ನಿಲ್ಲಿಸಿದೆ. ದಸರಾ ಮುಂಚೆ ಸ್ಟಾಕ್ ತರೋಕೆ ದುಡ್ಡಿಗೆ ತತ್ವಾರ ಆದಾಗ ಅಪ್ಪ ನನ್ನ ಮುಖ ನೋಡಿದ್ರು, ನಾನು ಕ್ಯಾಲೆಂಡರ್ ನೋಡಿದೆ. ಕಷ್ಟ ಆಯ್ತು.

ಅಕ್ಟೋಬರ್‌ನಲ್ಲಿ ಬೇರೆ ಬ್ಯಾಂಕಿಗೆ ಹೋದೆ. ಅವರ ಕಡೆಯಿಂದ ಒಬ್ಬರು ಮುಂಚೆ ಹೇಳದೆ ಎರಡನೇ ಅಂಗಡಿಗೆ ಬಂದು, ಗಿರಾಕಿ ಥರ ಕುಕ್ಕರ್ ರೇಟ್ ಕೇಳಿ, ಆಮೇಲೆ ಐಡಿ ಕಾರ್ಡ್ ತೋರಿಸಿದ್ರು. ಕೆಲಸದ ಹುಡುಗನ್ನ "ಇಲ್ಲಿ ಯಾರು ನೋಡ್ಕೊಳ್ಳೋದು?" ಅಂತ ಕೇಳಿದಾಗ ಅವನು ನನ್ನ ಕಡೆ ಕೈ ತೋರಿಸಿದ. ಹನ್ನೊಂದು ವರ್ಷದಲ್ಲಿ ನನಗೆ ಸಿಕ್ಕ ಒಳ್ಳೇ ಸರ್ಟಿಫಿಕೇಟ್ ಅದು. ವಾಪಸ್ ಹಾಕಿದ ಆ ಎರಡು ತಿಂಗಳ ಬಗ್ಗೆ ಕೇಳಿದ್ರು, ಇದ್ದದ್ದನ್ನ ಇದ್ದ ಹಾಗೇ ಬರೆದು ಕೊಟ್ಟೆ. ನನ್ನದು, ಹೆಂಡ್ತಿದು ಸೇರಿಸಿ 27 ಲಕ್ಷ ಸ್ಯಾಂಕ್ಷನ್ ಆಗಿದೆ. ಕ್ಯಾತ್ಸಂದ್ರದ ಕಡೆ 38 ಲಕ್ಷದ ಮನೆ ನೋಡಿದ್ದೀವಿ, ಸ್ವಲ್ಪ ಹಳೇದು. ಬ್ಯಾಂಕಿನ ವಕೀಲರು ಕಾಗದ ಪತ್ರ ನೋಡ್ತಿದ್ದಾರೆ.

ಅಪ್ಪ ಈಗ ಬೇರೆಯೇ ಮನುಷ್ಯ. ಒಂದನೇ ತಾರೀಕು ಬಂದ್ರೆ ದುಡ್ಡು ಅಕೌಂಟಿಗೆ ಹಾಕೋದಲ್ದೆ, ವೋಚರ್ ಬರೆದು, ಅದಕ್ಕೆ ಒಂದು ರೂಪಾಯಿ ರೆವಿನ್ಯೂ ಸ್ಟಾಂಪ್ ಅಂಟಿಸಿ, ನನ್ನ ಕೈಲಿ ಸಹಿ ಹಾಕಿಸಿ ಗಲ್ಲದ ಪಕ್ಕದ ಕಂಬಿಗೆ ಚುಚ್ಚಿ ಇಡ್ತಾರೆ. ಬ್ಯಾಂಕಿಂದ ಹಾಕಿದ್ದಕ್ಕೆ ಇಷ್ಟೆಲ್ಲಾ ಯಾಕಪ್ಪ ಅಂದೆ.

"ಇರಲಿ ಬಿಡು, ಇನ್ನೊಬ್ಬ ಕುಕ್ಕರ್ ರೇಟ್ ಕೇಳ್ಕೊಂಡು ಬಂದ್ರೆ?" ಅಂದ್ರು.