ಕಾರಿಗೆ ಹಚ್ಚಿದ ಅರಿಶಿನ

ಅಡಿಕೆ ಸುಲಿಯುವ ರಾತ್ರಿಗಳಲ್ಲಿ ನಮ್ಮ ಚಪ್ಪರದ ಕೆಳಗೆ ತೀರ್ಮಾನವಾಗದ ವಿಷಯ ಅಂತ ಯಾವುದೂ ಇಲ್ಲ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ನಮ್ಮ ಮನೆ. ಎಂಟು ಜನ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂತರೆ ಟಕ್ ಟಕ್ ಅಂತ ಸಿಪ್ಪೆ ಬಿಡುವ ಸದ್ದು, ಬುಟ್ಟಿಗೆ ಅಡಿಕೆ ಬೀಳುವ ಸದ್ದು. ಕೈಗಳಿಗೆ ಪುರುಸೊತ್ತಿಲ್ಲ, ಬಾಯಿಗೆ ಬೇಕಾದಷ್ಟಿದೆ.

ಮೊದಲ ಕೊಯ್ಲಿನ ಎರಡನೇ ರಾತ್ರಿ ಕಿಟ್ಟ ಕಾರು ತಂದು ಅಂಗಳದ ತುದಿಯಲ್ಲಿ ನಿಲ್ಲಿಸಿದ. ದೀಪಾವಳಿ ಆದ ವಾರಕ್ಕೆ ಕೊಂಡ ಗಾಡಿ. ಸೆಕೆಂಡ್ ಹ್ಯಾಂಡ್. ಅವನು ಬಾಗಿಲು ಹಾಕುವ ಮೊದಲೇ ಪುಟ್ಟಕ್ಕ ತಲೆ ಎತ್ತದೆ ಕೇಳಿದಳು.

"ಎಲ್ಲಿಗೋ ಹೋಗಿತ್ತು ಬಾಡಿಗೆ?"

ಕಿಟ್ಟ ಉತ್ತರ ಕೊಡಲಿಲ್ಲ. ಒಂದು ಮಣೆ ಎಳೆದುಕೊಂಡು ನನ್ನ ಪಕ್ಕ ಕೂತ. ಮುಖ ಕೊಳೆ ಬಂದ ಅಡಿಕೆಗೊನೆ ಹಾಗಿತ್ತು.

"ಇದೇ ನೋಡು ನನ್ನ ಸಂಕಟ," ಅಂದ. "ಸೊಸೈಟಿಗೆ ಹೋಗೋಕೆ ಅಂತ ಕಾರು ತಗೊಂಡೆ. ದಾರಿಯಲ್ಲಿ ಎಲ್ಲರೂ ಕೈ ಅಡ್ಡ ಹಾಕ್ತಾರೆ. ನಿಲ್ಲಿಸದಿದ್ರೆ ಬೈಗುಳ, ನಿಲ್ಲಿಸಿದ್ರೆ 20 ರೂಪಾಯಿ. ನಿನ್ನೆ ಶಿವಮೊಗ್ಗದಲ್ಲಿ ಮಾವನ ಮಗಳ ಮದುವೆ. ಛತ್ರದ ಮುಂದೆ ಹೆಂಡತೀನ ಇಳಿಸಿ, ಗಾಡಿ ನಿಲ್ಲಿಸಿ ಬರೋಷ್ಟರಲ್ಲಿ ಒಬ್ಬ ಓಡಿ ಬಂದ. 'ಡ್ರೈವರುಗಳಿಗೆ ಹಿಂದುಗಡೆ ಎಲೆ ಹಾಕಿದೀವಿ, ಬೇಗ ಹೋಗಿ' ಅಂದ."

"ನೀನು ಹೋದ್ಯಾ?"

"ಹೋದೆ. ಹಸಿವಾಗಿತ್ತು."

"ಊಟ ಹೆಂಗಿತ್ತು?"

"ಊಟ ಅಲ್ಲೇ ಚೆನ್ನಾಗಿತ್ತು ಮಾರಾಯ, ಹೋಳಿಗೆಗೆ ಎರಡೆರಡು ಸಲ ತುಪ್ಪ. ವಿಷಯ ಅದಲ್ಲ."

ವಿಷಯ ಹಳದಿ ಬೋರ್ಡು, ಅಂದರೆ ಬಾಡಿಗೆ ಗಾಡಿಯ ನಂಬರ್ ಪ್ಲೇಟು. ಕಿಟ್ಟ ಕೊಂಡದ್ದು ನಾಲ್ಕು ವರ್ಷ ಟ್ಯಾಕ್ಸಿ ಆಗಿ ಓಡಿದ ಗಾಡಿ. ಅದೇ ಮಾಡೆಲ್ಲಿನ ಬಿಳಿ ಬೋರ್ಡಿನ ಗಾಡಿಗಿಂತ ಒಂದು ಲಕ್ಷ ಕಮ್ಮಿಗೆ ಸಿಕ್ಕಿತು ಅಂತ ಹಿಗ್ಗಿ ತಂದ. ಮಾರಿಸಿದ ಬ್ರೋಕರ್ ಹೇಳಿದ್ದು ಒಂದೇ ಮಾತು: "ಬೋರ್ಡ್ ಬದಲಾಯಿಸೋದು ಏನ್ ದೊಡ್ಡ ವಿಷಯ ಸಾರ್, ಪೇಂಟ್ ಹೊಡೆದ ಹಾಗೆ." ಇವನು ಆ ಮಾತನ್ನು ಎಷ್ಟು ನಂಬಿದ ಅಂದರೆ, ಡಿಕ್ಕಿ ತೆಗೆದು ತೋರಿಸಿದಾಗ ಅಲ್ಲಿ ಅರ್ಧ ಲೀಟರಿನ ಬಿಳಿ ಪೇಂಟ್ ಡಬ್ಬ ಇತ್ತು. ಜೊತೆಗೆ ಬ್ರಷ್ಷು.

ಮಂಜ ನಕ್ಕು ನಕ್ಕು ಕೈಲಿದ್ದ ಅಡಿಕೆ ಬೀಳಿಸಿದ. ಮಂಜ ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ ಟ್ಯಾಕ್ಸಿ ಇಟ್ಟವನು, ರಾತ್ರಿ ಬಿಡುವಿದ್ದಾಗ ಸುಲಿತಕ್ಕೆ ಬರುತ್ತಾನೆ. "ಅದು ಎಚ್‌ಎಸ್‌ಆರ್‌ಪಿ ಪ್ಲೇಟು, ಹೈ ಸೆಕ್ಯೂರಿಟಿ ಪ್ಲೇಟು ಕಣೋ. ಅಲ್ಯೂಮಿನಿಯಂ ತಗಡು, ಮೂಲೆಯಲ್ಲಿ ಚಕ್ರದ ಹೋಲೋಗ್ರಾಂ, ಕೆಳಗೆ ಲೇಸರಲ್ಲಿ ಕೊರೆದ ನಂಬರು, ಒಂದು ಸಲ ಹಾಕಿದ್ರೆ ಮುರಿದೇ ತೆಗೀಬೇಕಾದ ಲಾಕು. ಅದಕ್ಕೆ ಸುಣ್ಣ ಹೊಡೀತೀಯಾ?"

"ಅರಿಶಿನ ಹಚ್ಚಿದ ಮೇಲೆ ಮುಗೀತಪ್ಪ," ಅಂದಳು ಪುಟ್ಟಕ್ಕ. "ಮದುಮಗ ಮುಖ ತೊಳ್ಕೊಂಡ ಅಂತ ಮದುವೆ ನಿಂತು ಹೋಗತ್ತಾ?"

ಮೇಷ್ಟ್ರು ಕನ್ನಡಕ ಮೇಲಕ್ಕೆ ತಳ್ಳಿದರು. ರಿಟೈರಾಗಿ ಹತ್ತು ವರ್ಷವಾದರೂ ಅವರ ಕನ್ನಡಕ ಮೇಲೆ ಹೋದರೆ ನಾವೆಲ್ಲ ನೆಟ್ಟಗೆ ಕೂರುತ್ತೇವೆ. ಅವರು ಕಿಟ್ಟನ ಗಾಡಿಯ ನೋಂದಣಿ ಪತ್ರ, ಆರ್‌ಸಿ ತರಿಸಿ ದೀಪದ ಕೆಳಗೆ ಹಿಡಿದರು.

"ನೋಡು, ಇಲ್ಲಿ ವರ್ಗ ಅಂತ ಬರೆದಲ್ಲಿ ಏನಿದೆ? ಮೋಟಾರ್ ಕ್ಯಾಬ್. ನಿನಗೆ ಬೇಕಾದ್ದು ಮೋಟಾರ್ ಕಾರ್. ಡ್ರೈವರ್ ಬಿಟ್ಟು ಆರು ಜನರ ತನಕ ಬಾಡಿಗೆಗೋ ಪ್ರತಿಫಲಕ್ಕೋ ಕೂರಿಸ್ಕೊಂಡು ಹೋಗೋದು ಕ್ಯಾಬ್. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇದೆ. ಬೋರ್ಡಿನ ಬಣ್ಣ ಕೊನೇ ಕೆಲಸ. ಮೊದಲು ಬದಲಾಗಬೇಕಾದ್ದು ಈ ಒಂದು ಪದ."

"ನಮ್ಮ ಅಡಿಕೆ ಹಾಗೆ ಅನ್ನಿ," ಅಂದೆ ನಾನು. "ಸರಕು, ಬೆಟ್ಟೆ, ರಾಶಿ, ಗೊರಬಲು. ಒಂದೇ ಮರದ್ದು, ಒಂದೊಂದಕ್ಕೆ ಒಂದೊಂದು ರೇಟು."

"ಗೊರಬಲನ್ನ ಎಷ್ಟು ಬೇಯಿಸಿದ್ರೂ ಸರಕು ಆಗಲ್ಲ," ಅಂದಳು ಪುಟ್ಟಕ್ಕ.

"ಕಾರು ಆಗತ್ತೆ. ದುಡ್ಡು ಕಟ್ಟಬೇಕು," ಅಂದ ಮಂಜ.

ಈ ದುಡ್ಡಿನ ಮಾತು ಬಂದಾಗ ಕಿಟ್ಟ ಮೆಟ್ಟುಗತ್ತಿಯಿಂದ ಸ್ವಲ್ಪ ದೂರ ಸರಿದು ಕೂತ. ಒಳ್ಳೆಯದೇ ಆಯಿತು.

ಮೇಷ್ಟ್ರು ಲೆಕ್ಕ ಶುರು ಮಾಡಿದರು. ನಮ್ಮ ರಾಜ್ಯದಲ್ಲಿ ಸ್ವಂತದ ಕಾರಿಗೆ ಲೈಫ್ ಟ್ಯಾಕ್ಸ್. ಗಾಡಿಯ ಬೆಲೆ 5 ಲಕ್ಷದೊಳಗಾದರೆ ಶೇಕಡ 13, 5ರಿಂದ 10 ಲಕ್ಷಕ್ಕೆ 14, 20 ಲಕ್ಷದ ತನಕ 17, ಅದಕ್ಕೂ ಮೇಲೆ 18. ಟ್ಯಾಕ್ಸಿಗೆ ಇಷ್ಟಿಲ್ಲ, ಅದು ದುಡಿದು ತಿನ್ನುವ ಗಾಡಿ ಅಂತ ಸರ್ಕಾರ ಕೈ ಸಡಿಲ ಬಿಟ್ಟಿದೆ. ಕಿಟ್ಟನಿಗೆ ಒಂದು ಲಕ್ಷ ಕಮ್ಮಿಗೆ ಯಾಕೆ ಸಿಕ್ಕಿತು ಅನ್ನುವುದರ ಗುಟ್ಟು ಇಲ್ಲೇ ಇದೆ.

"6 ಲಕ್ಷದ ಹೊಸ ಗಾಡಿ ಅಂತಿಟ್ಟುಕೋ. ಶೇಕಡ 14 ಅಂದ್ರೆ 84,000. ಅದರ ಮೇಲೆ ಶೇಕಡ 11 ಸೆಸ್ಸು, 9,240. ಒಟ್ಟು 93,240."

"ತೆರಿಗೆ ಮೇಲೆ ತೆರಿಗೆಯಾ?" ಅಂದಳು ಪುಟ್ಟಕ್ಕ.

"ತೆರಿಗೆ ಅಲ್ಲ, ಸೆಸ್ಸು."

"ಸೆಸ್ಸು ನಂಗೊತ್ತು. ಮಂಡಿಯಲ್ಲಿ ಅಡಿಕೆ ತೂಗಿದ ಮೇಲೆ ಹಿಡ್ಕೊಳ್ಳೋದು. ಕಾರಿಗೂ ಹಿಡ್ಕೊಳ್ತಾರೆ ಅನ್ನು."

ಕಿಟ್ಟನ ಗಂಟಲು ಒಣಗಿತ್ತು. ಮೇಷ್ಟ್ರು ಕೈ ಎತ್ತಿದರು. "ಹೆದರಬೇಡ. ಅದು ಹೊಸ ಗಾಡಿಗೆ. ನಿಂದು ನಾಲ್ಕು ವರ್ಷ ಹಳೇದು. ವಯಸ್ಸಾದ ಹಾಗೆ ತೆರಿಗೆ ಇಳಿಯತ್ತೆ."

"ಮೇಷ್ಟ್ರೇ, ಲೈಫ್ ಟ್ಯಾಕ್ಸ್ ಅಂದ್ರೆ ಯಾರ ಲೈಫು? ಗಾಡಿದಾ, ನಂದಾ?"

"ಗಾಡಿದು. ಆದ್ರೆ ಕಟ್ಟುವಾಗ ಅರ್ಧ ನಿಂದೂ ಹೋಗತ್ತೆ."

ಇಷ್ಟು ಹೊತ್ತಿಗೆ ಅಮ್ಮ ಚಹಾ ತಂದಳು. ಅಡಿಕೆ ರಸದ ಚೊಗರು ಹತ್ತಿದ ಕಪ್ಪು ಬೆರಳುಗಳೆಲ್ಲ ಲೋಟ ಹಿಡಿದವು. ಆ ಕಪ್ಪು ಎರಡು ತಿಂಗಳು ಹೋಗುವುದಿಲ್ಲ. ಸೋಪು, ಹುಣಸೆಹುಳಿ, ನಿಂಬೆಹಣ್ಣು ಯಾವುದಕ್ಕೂ ಜಗ್ಗುವುದಿಲ್ಲ. ಮದುವೆಗಳಲ್ಲಿ ಮಲೆನಾಡಿನವರನ್ನು ಕೈ ನೋಡಿಯೇ ಹೇಳಬಹುದು.

"ಹಾಗಾದ್ರೆ ಸುಮ್ನೆ ಹಳದಿಯಲ್ಲೇ ಇಟ್ಕೊಂಡ್ರೆ?" ಅಂದ ಕಿಟ್ಟ. "ಕೈ ಅಡ್ಡ ಹಾಕಿದ್ರೆ ಹಾಕ್ಲಿ. ಡ್ರೈವಿಂಗ್ ಲೈಸೆನ್ಸಿಗೂ ತೊಂದ್ರೆ ಇಲ್ಲ ಅಲ್ವಾ? 7,500 ಕಿಲೋ ಒಳಗಿನ ಗಾಡಿಗೆ ಮಾಮೂಲಿ ಲೈಸೆನ್ಸೇ ಸಾಕು ಅಂತ 2024ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ."

ಸೊಸೈಟಿಯಲ್ಲಿ ಕೂತು ಪೇಪರ್ ಓದುವವನು ಅನ್ನುವುದು ಆಗ ಗೊತ್ತಾಯಿತು.

"ಇಟ್ಕೋ," ಅಂದ ಮಂಜ. "ಎಂಟು ವರ್ಷ ಆಗೋ ತನಕ ಎರಡೆರಡು ವರ್ಷಕ್ಕೆ ಗಾಡಿ ಫಿಟ್ ಇದೆ ಅನ್ನೋ ಸರ್ಟಿಫಿಕೇಟು ಎಫ್‌ಸಿ, ಆಮೇಲೆ ವರ್ಷ ವರ್ಷ. ಬಿಳಿ ಬೋರ್ಡಿಗೆ ನೋಡು, ರಿಜಿಸ್ಟ್ರೇಷನ್ 15 ವರ್ಷ, ಅಲ್ಲೀ ತನಕ ಯಾರೂ ಕೇಳಲ್ಲ. ಇನ್ನು ಇನ್ಶೂರೆನ್ಸು. ನಿಂದು 1200 ಸಿಸಿ. ಸ್ವಂತದ ಕಾರಾದ್ರೆ ಥರ್ಡ್ ಪಾರ್ಟಿ 3,416 ರೂಪಾಯಿ, 2022ರಲ್ಲಿ ನಿಗದಿಯಾದ ದರ. ಟ್ಯಾಕ್ಸಿಗೆ 7,940. ಅದರ ಮೇಲೆ ತಲೆಗೆ 978ರಂತೆ ನಾಲ್ಕು ತಲೆ."

ಮೇಷ್ಟ್ರು ತಕ್ಷಣ ಕೂಡಿಸಿದರು. "11,852. ಜಿಎಸ್‌ಟಿ ಬೇರೆ."

"ತಲೆ ಎಣಿಸಿ ದುಡ್ಡು ಹಿಡೀತಾರಾ? ಕಾರಲ್ಲಿ ನಾನೊಬ್ಬನೇ ಓಡಾಡೋದು!"

"ತಲೆ ಇರಲಿ ಬಿಡಲಿ, ಸೀಟು ಇದೆಯಲ್ಲ."

ಮಂಜನಿಗೆ ಇಂಥ ವಿಷಯದಲ್ಲಿ ಒಂದು ಥರದ ಖುಷಿ. ತಾನು ವರ್ಷ ವರ್ಷ ಅನುಭವಿಸುವುದನ್ನು ಇನ್ನೊಬ್ಬನಿಗೆ ಹೇಳಿ ಹಗುರಾಗುತ್ತಾನೆ. ಸ್ಪೀಡ್ ಗವರ್ನರ್ ಬಗ್ಗೆಯೂ ಹೇಳಿದ: ಟ್ಯಾಕ್ಸಿ 80ರ ಮೇಲೆ ಓಡದ ಹಾಗೆ ಕಟ್ಟಿ ಹಾಕಿರುತ್ತಾರೆ. ಆದರೆ ಇದಕ್ಕೆ ಯಾರೂ ಕಣ್ಣೀರು ಹಾಕಲಿಲ್ಲ. ಆಗುಂಬೆ ಘಾಟಿಯ 14 ತಿರುವಿನಲ್ಲಿ 80ರಲ್ಲಿ ಹೋಗುವವನಿಗೆ ಗವರ್ನರ್ ಅಲ್ಲ, ಪುರೋಹಿತರು ಬೇಕು. ಮಳೆಗಾಲ ಮುಗಿದ ಮೇಲೆ ನಮ್ಮೂರಿನ ರಸ್ತೆಯ ಗುಂಡಿಗಳೇ 25ರ ಗವರ್ನರ್.

"ಫಾಸ್ಟ್ಯಾಗ್ ಪಾಸ್ ಬಂದಿದೆಯಲ್ಲ," ಅಂದೆ ನಾನು. "ಶುರುವಾದಾಗ 3,000 ರೂಪಾಯಿ ಇತ್ತು, 200 ಸಲ ಟೋಲ್ ದಾಟಬಹುದು. 2025ರ ಆಗಸ್ಟ್ 15ರಿಂದ ಶುರುವಾಗಿದ್ದು. ಅದೂ ಹಳದಿ ಬೋರ್ಡಿಗೆ ಇಲ್ಲ."

ಕಿಟ್ಟನ ಮನಸ್ಸು ಅಲ್ಲಿಗೆ ಗಟ್ಟಿಯಾಯಿತು. ವರ್ಷಕ್ಕೆ ಎಷ್ಟು ಟೋಲ್ ದಾಟುತ್ತೀಯ ಅಂತ ಕೇಳಿದೆ. ಎರಡು ಸಲ ಅಂದ. ಆದರೂ ಸಿಗುವುದಿಲ್ಲ ಅಂದರೆ ಸಂಕಟ ಅಲ್ವಾ.

ಮುಂದಿನದು ಕ್ರಮದ ಪ್ರಶ್ನೆ. ಇಲ್ಲಿ ಮಂಜ ಗಂಭೀರನಾದ. ಮೊದಲು ಗಾಡಿ ಮೇಲೆ ಸಾಲ ಇದ್ದರೆ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ. ಆಮೇಲೆ ಬಾಡಿಗೆ ಓಡಿಸುವ ಪರ್ಮಿಟ್ ವಾಪಸ್. ಪರ್ಮಿಟ್ ಇರುವುದು ಹಳೆ ಮಾಲೀಕನ ಹೆಸರಲ್ಲಿ, ವಾಪಸ್ ಮಾಡಬೇಕಾದವನೂ ಅವನೇ. ಬಾಕಿ ತೆರಿಗೆ, ದಂಡ ಎಲ್ಲ ಚುಕ್ತಾ ಆಗಬೇಕು. ಹೆಸರು ಬದಲಾವಣೆಗೆ ಫಾರಂ 29, 30. ಮಾರಿದವನು 14 ದಿನದಲ್ಲಿ ತಿಳಿಸಬೇಕು, ಕೊಂಡವನು 30 ದಿನದಲ್ಲಿ.

"ನೀನು ತಗೊಂಡು ಎಷ್ಟು ದಿನ ಆಯ್ತು?"

"22."

ಮೆಟ್ಟುಗತ್ತಿಗಳೆಲ್ಲ ಒಂದು ಕ್ಷಣ ನಿಂತವು.

"ಹಳೇ ಮಾಲೀಕ ಎಲ್ಲಿದಾನೆ?"

"ಫೋನ್ ಮಾಡಿದ್ದೆ. ಶಬರಿಮಲೆಗೆ ಮಾಲೆ ಹಾಕಿದಾನಂತೆ. 'ಸ್ವಾಮಿ ಶರಣಂ' ಅಂತ ಮಾತ್ರ ಹೇಳ್ತಾನೆ."

"ಪುಣ್ಯ ಮಾಡಿದೀಯ," ಅಂದರು ಮೇಷ್ಟ್ರು. "41 ದಿನದ ವ್ರತ. ಮಾಲೆ ಕೊರಳಲ್ಲಿ ಇರೋ ತನಕ ಸುಳ್ಳು ಹೇಳಲ್ಲ, ಇಲ್ಲ ಅನ್ನಲ್ಲ. ನಾಳೆ ಬೆಳಿಗ್ಗೆ ಅವನು ಸ್ನಾನ ಮಾಡಿ ಪೂಜೆಗೆ ಕೂರೋಷ್ಟರಲ್ಲಿ ಫಾರಂ ಹಿಡ್ಕೊಂಡು ಹೋಗು. ಮಾಲೆ ಇಳಿಸಿದ ಮೇಲೆ ಯಾರ ಗ್ಯಾರಂಟಿ?"

ಕಿಟ್ಟ ಹಾಗೇ ಮಾಡಿದ. ಅಯ್ಯಪ್ಪನ ಫೋಟೋ ಮುಂದೆ 29, 30 ಮತ್ತು ಪರ್ಮಿಟ್ ಅರ್ಜಿ, ಮೂರಕ್ಕೂ ಸಹಿ ಬಿತ್ತು. ಮೇಲೆ ಪ್ರಸಾದ ಅಂತ ಪಂಚಕಜ್ಜಾಯ ಕೊಟ್ಟರಂತೆ.

ಚಾಸಿ ನಂಬರಿನ ಪಡಿಯಚ್ಚು ತೆಗೆದದ್ದು ನಮ್ಮ ಅಂಗಳದಲ್ಲೇ. ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದರೆ ಅಕ್ಷರ ಮೂಡಬೇಕು. ಕಿಟ್ಟ ಬಾನೆಟ್ ಒಳಗೆ ಸೊಂಟದ ತನಕ ಇಳಿದು ಹತ್ತು ನಿಮಿಷ ತಿಕ್ಕಿದ. ಕಾಗದ ಹರಿಯಿತು, ಪೆನ್ಸಿಲ್ ಮೊನೆ ಮುರಿದು ಎಂಜಿನ್ ಸಂದಿಗೆ ಬಿತ್ತು. ಕೊನೆಗೆ ಪುಟ್ಟಕ್ಕ ಎದ್ದು ಬಂದು, "ತಡಿ" ಅಂತ ಹೊಸ ಕಾಗದ ಇಟ್ಟು ತನ್ನ ಚೊಗರಿನ ಹೆಬ್ಬೆರಳಿನಲ್ಲಿ ಒಂದೇ ಸಲ ಒರೆಸಿದಳು. ಹದಿನೇಳು ಅಕ್ಷರವೂ ಎದ್ದು ಬಂದವು. ಅದನ್ನು ಅರ್ಜಿ ಜೊತೆ ಇಡಲು ಮೇಷ್ಟ್ರು ಬಿಡಲಿಲ್ಲ. "ಅಡಿಕೆ ವಾಸನೆ ಬರತ್ತೆ" ಅಂದರು. ಮತ್ತೆ ಪೆನ್ಸಿಲ್ಲಿನಲ್ಲೇ ತೆಗೆದದ್ದು.

ಉಳಿದದ್ದನ್ನು ಉದ್ದ ಮಾಡುವುದಿಲ್ಲ. ತೆರಿಗೆ ಕಟ್ಟಿದ, ಇನ್ಸ್‌ಪೆಕ್ಟರ್ ಗಾಡಿ ನೋಡಿದರು, ಇನ್ಶೂರೆನ್ಸ್ ಬದಲಾಯಿತು. ನಂಬರೇ ಬೇರೆ ಬಂತು. ನಮ್ಮಲ್ಲಿ ಬಾಡಿಗೆ ಗಾಡಿಯ ಅಕ್ಷರ ಬೇರೆ, ಸ್ವಂತದ್ದು ಬೇರೆ. ಕೆಎ 14 ಮಾತ್ರ ಉಳಿಯಿತು. ಹಳೆ ನಂಬರು ಕೂಡಿದರೆ ಒಂಬತ್ತು ಬರುತ್ತಿತ್ತು ಅಂತ ಕಿಟ್ಟನ ಹೆಂಡತಿ ಎರಡು ದಿನ ಮಾತು ಬಿಟ್ಟಳಂತೆ. ಒಂದು ಲಕ್ಷ ಉಳಿಯಿತು ಅಂದುಕೊಂಡಿದ್ದರಲ್ಲಿ ಕೊನೆಗೆ ಎಷ್ಟು ಉಳಿಯಿತು ಅಂತ ಕೇಳಿದೆ. ಅವನು ಹೇಳಲಿಲ್ಲ, ಪೇಂಟ್ ಡಬ್ಬ ಬೇಕಾ ಅಂದ. ಈಗ ನಮ್ಮ ಕೊಟ್ಟಿಗೆಯ ಗೇಟು ಬೆಳ್ಳಗಿದೆ.

ಮೂರನೇ ಕೊಯ್ಲಿನ ಸುಲಿತಕ್ಕೆ ಕಿಟ್ಟ ಬಿಳಿ ಬೋರ್ಡಿನಲ್ಲಿ ಬಂದ. ಎಲ್ಲರೂ ಎದ್ದು ಹೋಗಿ ನೋಡಿದೆವು. ಮಂಜ ಬೋರ್ಡನ್ನು ಬೆರಳಿಂದ ಕುಟ್ಟಿ, "ನಮ್ಮ ಪಂಕ್ತಿ ಬಿಟ್ಟು ಹೋದ್ಯಲ್ಲೋ" ಅಂದ. "ಇನ್ನು ಯಾರ ಹತ್ರಾನೂ ದುಡ್ಡು ಮುಟ್ಟಬೇಡ. ಬಿಳಿ ಬೋರ್ಡಲ್ಲಿ ಬಾಡಿಗೆ ಹೊಡೆದ್ರೆ 10,000 ದಂಡ. ನಮ್ಮ ಹೊಟ್ಟೆ ಮೇಲೆ ಹೊಡಿಯೋರು ಈಗಲೇ ಬೇಕಾದಷ್ಟಿದಾರೆ."

"ಅಯ್ಯೋ, ನನ್ನ ಗಾಡಿಗೆ ಇನ್ನು ಯಾರು ಕೈ ಹಾಕ್ತಾರೆ?" ಅಂದ ಕಿಟ್ಟ.

ಮಾರನೇ ದಿನ ಸಂತೆ. ಪುಟ್ಟಕ್ಕ ರಸ್ತೆಯಲ್ಲಿ ನಿಂತು ಕೈ ಅಡ್ಡ ಹಾಕಿದಳು. ಬೋರ್ಡು ನೋಡಿದ್ದಳು, ಆದರೂ. ಇಳಿಯುವಾಗ 20 ರೂಪಾಯಿ ಚಾಚಿದಳು. ಕಿಟ್ಟ ಹಾವು ಕಂಡವನ ಹಾಗೆ ಕೈ ಹಿಂದೆ ಎಳೆದುಕೊಂಡ. "ಬೇಡ ಮಾರಾಯ್ತಿ, 10,000 ದಂಡ."

"ಹಂಗಾರೆ ಬೇಡ," ಅಂತ ನೋಟು ಸೆರಗಿಗೆ ಕಟ್ಟಿಕೊಂಡು, ಚೀಲದಿಂದ ಒಂದು ದಪ್ಪ ಮೊಗೆಕಾಯಿ ತೆಗೆದು ಮುಂದಿನ ಸೀಟಿನ ಮೇಲೆ ಇಟ್ಟು ಹೋದಳು.

ರಾತ್ರಿ ಕಿಟ್ಟ ಆ ಮೊಗೆಕಾಯಿಯನ್ನೇ ಹಿಡಿದುಕೊಂಡು ಚಪ್ಪರಕ್ಕೆ ಬಂದ. ಮೇಷ್ಟ್ರ ಮುಂದೆ ಇಟ್ಟ.

"ಬಾಡಿಗೆ ಅಥವಾ ಪ್ರತಿಫಲ ಅಂದಿದ್ರಲ್ಲ ಮೇಷ್ಟ್ರೇ. ಇದು ಪ್ರತಿಫಲನಾ?"

ಮೇಷ್ಟ್ರು ಕನ್ನಡಕ ಮೇಲೆ ತಳ್ಳಿದರು. ಮೊಗೆಕಾಯಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಎಷ್ಟು ತೂಗತ್ತೆ ಅಂತ ಕೇಳಿದರು. ಕೊನೆಗೆ ಅದನ್ನು ಅಮ್ಮನ ಕೈಗೆ ಕೊಟ್ಟು, "ಮೊದಲು ಹುಳಿ ಮಾಡಿ, ಸಾಕ್ಷಿ ಉಳಿಯಬಾರದು" ಅಂದರು.