ಮಾಡಿದ ಕೆಲಸದ ಹಣಕ್ಕೆ ‘ಪರಿಹಾರ’ ಎನ್ನಬಹುದೇ?

ಮಾನ್ಯರೇ,

ಬಾಯಿಮಾತಿನ ಒಪ್ಪಂದವನ್ನು ನಂಬಿ ಕೆಲಸ ಮಾಡಿಕೊಟ್ಟು, ಹಣ ಕೈಗೆ ಬಾರದೆ ಹೋದವರು ಕೊಡುವ ನೋಟಿಸುಗಳಲ್ಲಿ ‘ಪರಿಹಾರ’ ಎಂಬ ಪದ ಬಳಕೆಯಾಗುತ್ತಿರುವ ಬಗೆಯ ಕುರಿತು ಬಲ್ಲವರ ಅಭಿಪ್ರಾಯ ಕೇಳುತ್ತಿದ್ದೇನೆ. ನಾನು ತಿದ್ದಬೇಕಾಗಿ ಬಂದ ಕರಡೊಂದರಲ್ಲಿ ಈ ವಾಕ್ಯವಿತ್ತು: ‘ನಾನು ಸಲ್ಲಿಸಿದ ಸೇವೆಗಳ ಪರಿಹಾರವನ್ನು ಮರುಪಾವತಿಸಬೇಕು.’ ವ್ಯಾಕರಣದಲ್ಲಿ ದೋಷವಿಲ್ಲ. ಆದರೆ ‘ಪರಿಹಾರ’ ಎಂದೊಡನೆ ಇವರಿಗೆ ಯಾವುದೋ ಹಾನಿಯಾಗಿದೆ ಎಂದೂ, ‘ಮರುಪಾವತಿ’ ಎಂದೊಡನೆ ಇವರೇ ಮೊದಲು ಹಣ ಕೊಟ್ಟಿದ್ದಾರೆ ಎಂದೂ ತೋರುತ್ತದೆ. ನಡೆದದ್ದು ಎರಡೂ ಅಲ್ಲ. ಕೆಲಸ ಮುಗಿದಿದೆ, ಹಣ ಬಾಕಿ ಇದೆ, ಅಷ್ಟೇ.

ಗೊಂದಲದ ಮೂಲ ಕಾನೂನಿನ ಇಂಗ್ಲಿಷ್ ಪಠ್ಯದಲ್ಲೇ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಮು ಕರಾರು ಮುರಿದದ್ದರಿಂದ ಆದ ನಷ್ಟವನ್ನು ತುಂಬಿಕೊಡುವ ಬಗ್ಗೆ ಹೇಳುತ್ತದೆ. 70ನೇ ಕಲಮಿನ ವಿಷಯ ಬೇರೆ: ಒಬ್ಬರು ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಇನ್ನೊಬ್ಬರಿಗಾಗಿ ನ್ಯಾಯಬದ್ಧವಾಗಿ ಕೆಲಸ ಮಾಡಿಕೊಟ್ಟು, ಆ ಇನ್ನೊಬ್ಬರು ಅದರ ಪ್ರಯೋಜನ ಪಡೆದಿದ್ದರೆ, ಪಡೆದವರು ಅದಕ್ಕೆ ತಕ್ಕುದನ್ನು ಕೊಡಲು ಬದ್ಧರು. ಎರಡೂ ಕಡೆ ಇಂಗ್ಲಿಷಿನಲ್ಲಿರುವುದು ‘ಕಾಂಪೆನ್ಸೇಷನ್’ ಎಂಬ ಒಂದೇ ಪದ. ಕನ್ನಡದ ‘ಪರಿಹಾರ’ ಮೊದಲನೆಯದಕ್ಕೆ ಚೆನ್ನಾಗಿ ಒಗ್ಗುತ್ತದೆ, ಎರಡನೆಯದಕ್ಕೆ ಒಗ್ಗುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹಾಗಾದರೆ ಯಾವ ಪದ? ‘ವೇತನ’, ‘ಸಂಬಳ’ ಎಂದರೆ ಮಾಲೀಕ ಮತ್ತು ನೌಕರರ ಸಂಬಂಧವನ್ನು ಒಪ್ಪಿಕೊಂಡಂತೆ. ಸ್ವತಂತ್ರವಾಗಿ ಕೆಲಸ ಹಿಡಿದವರಿಗೆ ಅದು ಸಲ್ಲದು. ‘ಕೂಲಿ’, ‘ಮಜೂರಿ’ ಸರಳವಾದ ಒಳ್ಳೆಯ ಪದಗಳು, ಆದರೆ ಅನುವಾದಕ್ಕೋ ಲೆಕ್ಕಪತ್ರದ ಕೆಲಸಕ್ಕೋ ಯಾರೂ ಅವನ್ನು ಬಳಸುವುದಿಲ್ಲ. ಹೆಚ್ಚು ಎಚ್ಚರ ಬೇಕಾದದ್ದು ‘ಗೌರವಧನ’ದಲ್ಲಿ: ಅದರಲ್ಲಿ ಕೊಡುವವರ ಇಚ್ಛೆಯ ಅರ್ಥವಿದೆ, ಕೇಳುವವರ ಹಕ್ಕಿನ ಅರ್ಥವಿಲ್ಲ. ಪುಕ್ಕಟೆಗೆ ಮಾಡಿದ್ದಲ್ಲ ಎಂಬುದೇ ತಮ್ಮ ವಾದದ ಆಧಾರವಾಗಿರುವಾಗ, ಸಂಕೋಚಕ್ಕೆ ಸಿಕ್ಕಿ ಈ ಪದ ಬರೆದವರು ತಮ್ಮ ಹಕ್ಕನ್ನು ತಾವೇ ಸಡಿಲಿಸಿಕೊಳ್ಳುತ್ತಾರೆ. ‘ಪ್ರತಿಫಲ’ ಸಾಮಾನ್ಯ ಬರವಣಿಗೆಗೆ ಸರಿಹೋಗುತ್ತದೆ. ಆದರೆ ಕರಾರು ಕಾನೂನಿನ ಕನ್ನಡದಲ್ಲಿ ಅದು ‘ಕನ್ಸಿಡರೇಷನ್’ ಎಂಬುದಕ್ಕೆ, ಅಂದರೆ ಕರಾರಿನಲ್ಲಿ ಒಬ್ಬರ ಮಾತಿಗೆ ಬದಲಾಗಿ ಇನ್ನೊಬ್ಬರು ಕೊಡಲು ಇಲ್ಲವೇ ಮಾಡಲು ಒಪ್ಪಿಕೊಂಡದ್ದಕ್ಕೆ, ಮೀಸಲಾಗಿರುವುದರಿಂದ, ಮೊತ್ತವನ್ನೇ ಮಾತಾಡಿಕೊಳ್ಳದ ಸಂದರ್ಭದಲ್ಲಿ ತೊಡಕಾಗಬಹುದು.

ಅಂಥ ಸಂದರ್ಭಕ್ಕೆ ನ್ಯಾಯಾಲಯಗಳು ಬಳಸುವ ‘ಕ್ವಾಂಟಮ್ ಮೆರುಯಿಟ್’ ಎಂಬ ಲ್ಯಾಟಿನ್ ಮಾತಿಗೆ ‘ಎಷ್ಟಕ್ಕೆ ಅರ್ಹರೋ ಅಷ್ಟು’ ಎಂದರ್ಥ. ಇದಕ್ಕೆ ಸಂಸ್ಕೃತದ ಸಮಾಸವನ್ನು ಹುಡುಕುವ ಬದಲು ‘ಕೆಲಸಕ್ಕೆ ತಕ್ಕ ಹಣ’ ಎಂದರೆ ಸಾಕು ಎಂದು ನನಗನ್ನಿಸುತ್ತದೆ. ‘ತಕ್ಕ’ ಎಂಬುದರಲ್ಲಿ ಅಳತೆಯೂ ಇದೆ, ನ್ಯಾಯವೂ ಇದೆ.

‘ಮೌಖಿಕ’ ಎಂಬುದರ ಬಗ್ಗೆ ತಕರಾರಿಲ್ಲ. ಬಾಯಿಮಾತಿನ ಕರಾರೂ ಸಾಮಾನ್ಯವಾಗಿ ಕಾನೂನಿಗೆ ಸಮ್ಮತವೇ, ಕಷ್ಟವಿರುವುದು ರುಜುವಾತಿನಲ್ಲಿ. ಆದರೆ ‘ಸೇವೆ ಸಲ್ಲಿಸಿದ್ದೇನೆ’ ಎಂಬ ಮಸುಕು ಮಾತಿಗಿಂತ ‘ತಾವು ಹೇಳಿದಂತೆ ಇಂಥ ದಿನ ಕೆಲಸ ಮುಗಿಸಿಕೊಟ್ಟಿದ್ದೇನೆ’ ಎಂಬ ಮಾತು ಎಷ್ಟೋ ಬಲವಾದುದು. ಹಣ ಕೊಡಲು ಗಡುವು ಗೊತ್ತುಮಾಡಿರದಿದ್ದರೆ, 1963ರ ಕಾಲಮಿತಿ ಕಾಯ್ದೆಯ 18ನೇ ಅನುಚ್ಛೇದದಂತೆ ದಾವೆಗಿರುವ ಮೂರು ವರ್ಷಗಳ ಎಣಿಕೆ ಕೆಲಸ ಮುಗಿದಲ್ಲಿಂದಲೇ ಶುರುವಾಗುತ್ತದೆ.

ಆ ಕರಡಿನ ವಾಕ್ಯವನ್ನು ಸದ್ಯಕ್ಕೆ ‘ನಾನು ಮುಗಿಸಿಕೊಟ್ಟ ಕೆಲಸಕ್ಕೆ ತಕ್ಕ ಹಣವನ್ನು ತಾವು ಬಾಕಿ ಉಳಿಸಿಕೊಂಡಿದ್ದು, ಅದನ್ನು ಪಾವತಿ ಮಾಡಬೇಕು’ ಎಂದು ತಿದ್ದಿದ್ದೇನೆ. ಹಳೆಯ ದಾವೆ ಪತ್ರಗಳನ್ನು ನೋಡಿ ಬಲ್ಲವರು, 70ನೇ ಕಲಮಿನ ಸಂದರ್ಭದಲ್ಲಿ ‘ಪರಿಹಾರ’ದ ಬದಲು ಬೇರೆ ಪದವನ್ನು ಕಂಡಿದ್ದರೆ, ಪೂರ್ಣ ವಾಕ್ಯದ ಸಮೇತ ತಿಳಿಸಬೇಕೆಂದು ಕೋರುತ್ತೇನೆ.